ಅಕ್ಕ ಮತ್ತೆ ಕ್ರೇನ್ ಹತ್ತಿದ್ದು

ನನ್ನ ಅಕ್ಕ ಕೆಲಸಕ್ಕೆ ಹೋಗುವುದೆಂದರೆ ಆಕಾಶಕ್ಕೆ ಹೋಗುವುದು. ದೊಡ್ಡ ಕಟ್ಟಡ ಏಳುವ ಕಡೆ ಹಳದಿ ಬಣ್ಣದ ಟವರ್ ಕ್ರೇನ್ ನಿಂತಿರುತ್ತದಲ್ಲ, ಅದರ ತಲೆಯ ಹತ್ತಿರ ಒಂದು ಗಾಜಿನ ಗೂಡಿರುತ್ತದೆ. ಬೆಳಿಗ್ಗೆ ಏಳಕ್ಕೆ ಇನ್ನೂರ ಹನ್ನೆರಡು ಮೆಟ್ಟಿಲಿನ ಕಬ್ಬಿಣದ ಏಣಿ ಹತ್ತಿ ಅದರಲ್ಲಿ ಕೂತರೆ ಅವಳು ಕೆಳಗಿಳಿಯುವುದು ಮಧ್ಯಾಹ್ನದ ಊಟಕ್ಕೇ. ಕಾಲ ಕೆಳಗೂ ಗಾಜು. ಅಲ್ಲಿಂದ ನೋಡಿದರೆ ಮನುಷ್ಯರು ಅಂಗಿಯ ಗುಂಡಿಯಷ್ಟು ಕಾಣುತ್ತಾರಂತೆ. ಎರಡು ಕೈಯಲ್ಲಿ ಎರಡು ಹಿಡಿ, ಕಿವಿಯಲ್ಲಿ ಕೆಳಗಿನಿಂದ ಸಿಗ್ನಲ್ ಹೇಳುವವರ ದನಿ. ಅಷ್ಟರಲ್ಲೇ ಎರಡು ಟನ್ ಕಬ್ಬಿಣವನ್ನು, ನಿದ್ದೆ ಹೋದ ಮಗುವನ್ನು ಹಾಸಿಗೆಗೆ ಹಾಕುವ ಹಾಗೆ, ಹತ್ತೊಂಬತ್ತನೇ ಮಹಡಿಯ ಮೇಲೆ ಇಳಿಸುತ್ತಾಳೆ. ಸೈಟಿನವರೆಲ್ಲ ಅವಳನ್ನು ಕರೆಯುವುದು ‘ಮೇಲಿನಮ್ಮ’ ಎಂದು.

ನನ್ನ ಕೆಲಸ ನೆಲದ್ದು. ಮನೆಯ ಮುಂದಿನ ಕೋಣೆಯಲ್ಲಿ ಮೆಷಿನ್ ಇಟ್ಟುಕೊಂಡು ಬಟ್ಟೆ ಹೊಲಿಯುತ್ತೇನೆ. ಬಲ್ಬ್ ಬದಲಾಯಿಸಲು ಸ್ಟೂಲ್ ಹತ್ತಿದರೂ ನನ್ನ ಕಾಲು ನಡುಗುತ್ತದೆ. ಒಂದೇ ಹೊಟ್ಟೆಯಲ್ಲಿ ಹುಟ್ಟಿ ಇವಳೊಬ್ಬಳು ಹೀಗೆ ಹೇಗಾದಳು ಎಂದು ಅಮ್ಮನೂ ನಾನೂ ಎಷ್ಟೋ ಸಲ ಮಾತಾಡಿಕೊಂಡಿದ್ದೇವೆ.

ವಾರವೆಲ್ಲ ಮೇಲೆ ಕೂತವಳು ಭಾನುವಾರ ಮೈದಾನಕ್ಕೆ ಇಳಿಯುತ್ತಿದ್ದಳು. ಕೆಲಸ ಮಾಡುವ ಹೆಂಗಸರೇ ಸೇರಿಕೊಂಡು ಕಟ್ಟಿದ ಫುಟ್‌ಬಾಲ್ ತಂಡಗಳು ನಮ್ಮ ಕಡೆ ಏಳೆಂಟಿವೆ. ಅಕ್ಕ ಅವಳ ತಂಡದ ಗೋಲ್‌ಕೀಪರ್. ವಯಸ್ಸು ಮೂವತ್ತೆಂಟು. ಮೊಣಕಾಲು ಆಗಾಗ ಕಟಕಟ ಎನ್ನುತ್ತಿದ್ದರೂ ಗೋಲಿನ ಮುಂದೆ ನಿಂತರೆ ಅವಳು ಬೇರೆಯೇ ಹೆಂಗಸು.

ಅವತ್ತು ಅರೆ ಅಂತಿಮ ಪಂದ್ಯ. ಎರಡೂ ಕಡೆ ಒಂದೊಂದು ಗೋಲು, ಮುಗಿಯಲು ಇಪ್ಪತ್ತು ನಿಮಿಷ ಬಾಕಿ. ಮೂಲೆಯಿಂದ ಚೆಂಡು ಎತ್ತರಕ್ಕೆ ಬಂತು. ಅಕ್ಕ ಹಾರಿ ಅದನ್ನು ಆಚೆಗೆ ಗುದ್ದಿದಳು, ಜೊತೆಗೆ ಹಾರಿದ್ದ ಅವಳದೇ ತಂಡದ ಒಬ್ಬಳ ಮೊಣಕಾಲು ಅವಳ ಕಿವಿಯ ಮೇಲ್ಭಾಗಕ್ಕೆ ಬಡಿಯಿತು. ಬಿದ್ದಳು. ನಾನು ಗೆರೆಯಾಚೆ ನೀರಿನ ಬಾಟಲಿ ಹಿಡಿದು ನಿಂತಿದ್ದೆ. ಆದರೆ ಅವಳು ಎದ್ದಳು. ಕೈಗವಸು ತಟ್ಟಿಕೊಂಡಳು, ರೆಫ್ರಿಗೆ ಹೆಬ್ಬೆರಳು ತೋರಿಸಿದಳು. ನಾವೆಲ್ಲ ಚಪ್ಪಾಳೆ ಹೊಡೆದೆವು. ಈಗ ನೆನೆದರೆ ಆ ಚಪ್ಪಾಳೆಯ ಬಗ್ಗೆ ನಾಚಿಕೆಯಾಗುತ್ತದೆ.

ಆರೇಳು ನಿಮಿಷ ಆಟ ನಡೆಯಿತು. ಚೆಂಡು ಆಚೆ ಕಡೆಯೇ ಇದ್ದುದರಿಂದ ಯಾರೂ ಅವಳ ಕಡೆ ನೋಡಲಿಲ್ಲ. ಆಮೇಲೆ ಎದುರು ತಂಡದ ಫಾರ್ವರ್ಡ್ ನಮ್ಮವರನ್ನೆಲ್ಲ ದಾಟಿಕೊಂಡು ಒಬ್ಬಳೇ ನುಗ್ಗಿ ಬಂದಳು. ಅಂಚೆ ಹಂಚುವ ಹುಡುಗಿ. ದಿನವಿಡೀ ಸೈಕಲ್ ತುಳಿದು ಗಟ್ಟಿಯಾದ ಕಾಲುಗಳು. ಅವಳಿಗೂ ಗೋಲಿಗೂ ನಡುವೆ ಇದ್ದವಳು ಅಕ್ಕ ಒಬ್ಬಳೇ.

ಅಕ್ಕ ಕದಲಲಿಲ್ಲ. ಒಂದು ಕೈಯಲ್ಲಿ ಕಂಬ ಹಿಡಿದು, ಬಸ್ಸಿಗೆ ಕಾಯುವವಳ ಹಾಗೆ ಎತ್ತಲೋ ನೋಡುತ್ತಿದ್ದಳು.

ಅಂಚೆಯವಳು ಕಾಲೆತ್ತಿದಳು. ತಟ್ಟಿದ್ದರೆ ಸಾಕಿತ್ತು, ಮಗುವೂ ಆ ಗೋಲು ಹೊಡೆಯುತ್ತಿತ್ತು. ಎತ್ತಿದ ಕಾಲನ್ನು ಇಳಿಸಿದಳು. ಬಗ್ಗಿ ಎರಡೂ ಕೈಯಿಂದ ಚೆಂಡನ್ನು ಎತ್ತಿಕೊಂಡಳು. ಫುಟ್‌ಬಾಲಿನಲ್ಲಿ ಅದಕ್ಕಿಂತ ದೊಡ್ಡ ತಪ್ಪಿಲ್ಲ. ರೆಫ್ರಿ ಸೀಟಿ ಊದಿದರು. ಅವಳ ತಂಡದವರು “ನಿಂಗೇನು ತಲೆ ಕೆಟ್ಟಿದ್ಯೇನೇ!” ಎಂದು ಕಿರುಚಿದರು. ಅವಳು ಚೆಂಡನ್ನು ಎದೆಗವಚಿಕೊಂಡೇ ರೆಫ್ರಿಗೆ ಹೇಳಿದಳು:

“ಸಾರ್, ಅವರ ಕಣ್ಣು ನೋಡಿ. ಅವರು ಇಲ್ಲಿಲ್ಲ.”

ನಾನು ಓಡಿದೆ. ಅಕ್ಕ ನನ್ನ ಮುಖ ನೋಡಿ ನಕ್ಕು, “ಬಾ ಬಾ, ಆಟ ಇನ್ನೂ ಶುರುವಾಗಿಲ್ಲ” ಎಂದಳು.

ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿದರು. ರಕ್ತ ಸೋರಿಲ್ಲ, ಮೂಳೆ ಒಡೆದಿಲ್ಲ ಎಂದರು. ನಾನು ಉಸಿರು ಬಿಟ್ಟೆ. ಡಾಕ್ಟರು ವಯಸ್ಸಾದವರು, ನಿಧಾನದ ಮಾತಿನವರು. ನನ್ನ ನಿರಾಳ ಅವರಿಗೆ ಹಿಡಿಸಲಿಲ್ಲ ಎಂದು ಕಾಣುತ್ತದೆ.

“ಸ್ಕ್ಯಾನಲ್ಲಿ ಏನೂ ಕಾಣ್ತಿಲ್ಲ ನಿಜ. ಆದ್ರೆ ಮಿದುಳು ಒಳಗೇ ಕುಲುಕಾಡಿದೆ. ಅದು ಫೋಟೋದಲ್ಲಿ ಬರಲ್ಲಮ್ಮ. ಎರಡು ದಿನ ಪೂರ್ತಿ ವಿಶ್ರಾಂತಿ. ಫೋನು, ಟಿವಿ ಹತ್ರ ಬಿಡಬೇಡಿ. ವಾಂತಿ ಜಾಸ್ತಿಯಾದ್ರೆ, ಎಬ್ಬಿಸಿದ್ರೂ ಏಳದೇ ಇದ್ರೆ, ಮಾತು ತೊದಲಿದ್ರೆ ತಕ್ಷಣ ಕರ್ಕೊಂಬನ್ನಿ. ಆಮೇಲೆ ಸ್ವಲ್ಪ ಸ್ವಲ್ಪ ಓಡಾಡ್ಲಿ. ಏನು ಕೆಲಸ ಇವರದು?”

“ಕ್ರೇನ್ ಓಡಿಸ್ತಾಳೆ ಸಾರ್.”

ಅವರು ಬರೆಯುವುದನ್ನು ನಿಲ್ಲಿಸಿದರು. “ನಾವು ಬರ್ಕೊಡೋವರೆಗೂ ಹತ್ತೋ ಹಾಗಿಲ್ಲ. ಆಟಾನೂ ಇಲ್ಲ. ಮೊದಲನೇ ಪೆಟ್ಟು ಆರೋ ಮುಂಚೆ ಎರಡನೇದು ಬಿದ್ರೆ ಅದು ಬೇರೆ ಕತೆ.”

ಮನೆಗೆ ಬಂದೆವು. ದಾರಿಯಲ್ಲಿ ಅಕ್ಕ ಒಂಬತ್ತು ಸಲ ಕೇಳಿದಳು, “ಮ್ಯಾಚ್ ಏನಾಯ್ತು?” ನಿನಗೆ ಪೆಟ್ಟು ಬಿದ್ದು ನಡುವೆಯೇ ಹೊರಟು ಬಂದೆವು ಎಂದು ನಾನು ಒಂಬತ್ತು ಸಲ ಹೇಳಿದೆ. ಪ್ರತಿ ಸಲವೂ ಮೊದಲ ಬಾರಿ ಕೇಳಿದವಳ ಹಾಗೆ ಕಣ್ಣರಳಿಸಿದಳು.

ಮನೆಯೊಳಗೆ ಇಷ್ಟೊಂದು ಸದ್ದಿದೆ ಎಂದು ನನಗೆ ಗೊತ್ತಾದದ್ದೇ ಆ ವಾರ. ಕುಕ್ಕರಿನ ಸೀಟಿ, ಚಮಚ ತಟ್ಟೆಗೆ ತಾಗುವುದು, ಬಾತ್‌ರೂಮಿನ ಬಕೆಟ್. ಒಂದೊಂದಕ್ಕೂ ಅಕ್ಕ ಮುಖ ಕಿವುಚುತ್ತಿದ್ದಳು. ಕಿಟಕಿಗೆ ದಪ್ಪ ಬಟ್ಟೆ ಕಟ್ಟಿದೆವು. ಮೂರು ಓಣಿಗೆ ಕೇಳುವಂಥ ಗಂಟಲಿನ ಅಮ್ಮ ಪಿಸುಮಾತು ಕಲಿತಳು. ಆದರೆ ನನ್ನ ಹೊಲಿಗೆ ಮೆಷಿನ್? ಎರಡನೇ ದಿನ ಒಂದು ಹೊಲಿಗೆ ಹಾಕಿದೆನಷ್ಟೆ, ಒಳಗಿನಿಂದ ಅಕ್ಕ, “ಯಾರೋ ನನ್ನ ತಲೆ ಹೊಲೀತಿದಾರೆ ಕಣೇ” ಎಂದಳು. ಅವತ್ತಿನಿಂದ ಮೂರು ವಾರ ನಾನು ಒಪ್ಪಿಕೊಂಡಿದ್ದ ಬಟ್ಟೆಯನ್ನೆಲ್ಲ ಕೈಯಲ್ಲೇ ಹೊಲಿದೆ. ಎಡಗೈ ತೋರುಬೆರಳು ಜರಡಿಯಾಯಿತು.

ಎರಡು ದಿನ ಕಳೆದ ಮೇಲೆ ಮನೆಯೊಳಗೆ ನಡೆದಾಡಿದಳು. ನಾಲ್ಕನೇ ದಿನ ಬಾಗಿಲವರೆಗೆ. ಐದನೇ ದಿನ ಬೆಳಿಗ್ಗೆ ಎದ್ದವಳೇ, “ನಂಗೆ ಏನೂ ಇಲ್ಲ, ಎಲ್ಲಾ ಹೋಯ್ತು” ಎಂದಳು. ಮುಖ ಕಳೆಕಳೆಯಾಗಿತ್ತು. ನಾನು ಅಳತೆ ತೆಗೆದುಕೊಳ್ಳಲು ಹೊರಗೆ ಹೋದೆ. ಹಿಂದಿರುಗಿದಾಗ ಅಕ್ಕ ಕಿಟಕಿಯ ಬಟ್ಟೆಯನ್ನೆಲ್ಲ ಕಿತ್ತು, ಹಾಸಿಗೆಯ ಹೊದಿಕೆಗಳನ್ನೆಲ್ಲ ಒಗೆದು, ತುಂಬಿದ ಬಕೆಟ್ ಹೊತ್ತು ತಾರಸಿಗೆ ಎರಡು ಸಲ ಹತ್ತಿ ಇಳಿದು, ಅಡುಗೆಮನೆಯ ಗೋಡೆಗೆ ಒರಗಿ ಕೂತಿದ್ದಳು. ಬೆವರು. ವಾಂತಿ. ಕಣ್ಣು ಬಿಟ್ಟರೆ ಕೋಣೆ ತಿರುಗುತ್ತಿದೆ ಎಂದಳು.

ಆಸ್ಪತ್ರೆಗೆ ಓಡಿದೆವು, ಮತ್ತೆ ವಿಶ್ರಾಂತಿ ಎಂದರು. ಅದು ಮತ್ತೆ ಇಳಿಯಲು ಹನ್ನೆರಡು ದಿನ ಹಿಡಿಯಿತು. ಈ ಸಲ ಅವಳು ಅತ್ತಳು. ಅಪ್ಪ ತೀರಿಕೊಂಡಾಗಲೂ ನಮ್ಮೆದುರು ಅಳದವಳು. “ಕೈ ಮುರಿದಿದ್ರೆ ಬ್ಯಾಂಡೇಜ್ ಆದ್ರೂ ಇರ್ತಿತ್ತು. ಜನ ನೋಡಿ ಅಯ್ಯೋ ಅಂತಿದ್ರು. ಈಗ ನಾನು ಕಳ್ಳಾಟ ಆಡ್ತಿದೀನಿ ಅಂತಾರೆ” ಎಂದಳು. ಅಮ್ಮ ಅವಳ ಪಾದ ಒತ್ತುತ್ತ ಪಿಸುಗುಟ್ಟಿದಳು: “ಅನ್ಲಿ ಬಿಡೆ. ಅವ್ರ ತಲೆ ಅವ್ರಿಗೆ, ನಿನ್ ತಲೆ ನಿಂಗೆ.”

ಡಾಕ್ಟರು ಫಿಸಿಯೋಥೆರಪಿಗೆ ಕಳಿಸಿದರು. ಅಲ್ಲಿದ್ದ ಮೇಡಂ ನನಗಿಂತ ಚಿಕ್ಕವರು, ಗಿಡ್ಡಕ್ಕೆ, ಚುರುಕಾಗಿದ್ದರು. ಮೊದಲ ದಿನ ಅವರು ಮಾಡಿಸಿದ್ದು ಇಷ್ಟೇ: ಹೆಬ್ಬೆರಳನ್ನು ಮುಖದ ಮುಂದೆ ಹಿಡಿ, ಅದನ್ನೇ ನೋಡುತ್ತ ತಲೆಯನ್ನು ಎಡಕ್ಕೂ ಬಲಕ್ಕೂ ತಿರುಗಿಸು. ಇದೇನು ವ್ಯಾಯಾಮ ಎಂದು ನನಗೆ ನಗು ಬಂತು. ಎಂಟನೇ ಸಲಕ್ಕೆ ಅಕ್ಕ ಬಿಳಿಚಿಕೊಂಡು ಕುರ್ಚಿ ಹಿಡಿದಳು. ಕಬ್ಬಿಣದ ತೊಲೆಗಳನ್ನು ಗಾಳಿಯಲ್ಲಿ ತೇಲಿಸುವವಳು ತನ್ನ ಹೆಬ್ಬೆರಳನ್ನು ನೋಡಲಾರದೆ ಹೋದಳು. ನನ್ನ ನಗು ಅಲ್ಲೇ ಇಂಗಿತು.

“ಕಣ್ಣು, ಕಿವಿಯೊಳಗಿನ ಸಮತೋಲ, ಕುತ್ತಿಗೆ, ಮೂರೂ ಒಂದೇ ಸುದ್ದಿ ಹೇಳ್ಬೇಕು” ಎಂದರು ಮೇಡಂ. “ಈಗ ಮೂರೂ ಬೇರೆ ಬೇರೆ ಹೇಳ್ತಿವೆ. ಮಿದುಳಿಗೆ ಯಾರನ್ನ ನಂಬೋದು ಅಂತ ಗೊತ್ತಾಗ್ತಿಲ್ಲ. ನಾವು ಕೂತ್ಕೊಂಡು ರಾಜಿ ಮಾಡ್ಸೋಣ.”

ಅವರು ಒಂದು ಲೆಕ್ಕ ಕಲಿಸಿದರು. ಸೊನ್ನೆ ಎಂದರೆ ಏನೂ ತೊಂದರೆಯಿಲ್ಲ, ಹತ್ತು ಎಂದರೆ ತಡೆಯಲಾಗದು. ಏನೇ ಮಾಡುವ ಮುಂಚೆ ಎಷ್ಟು ಎಂದು ಕೇಳಿಕೊಳ್ಳಬೇಕು. ಮಾಡುವಾಗ ಎರಡು ಅಂಕಿಗಿಂತ ಹೆಚ್ಚು ಏರಿದರೆ ನಿಲ್ಲಿಸಬೇಕು. ನಿಲ್ಲಿಸಿದ್ದಕ್ಕೆ ಬೇಜಾರು ಮಾಡಿಕೊಳ್ಳಬಾರದು. ಹಾಗಂತ ಹೆದರಿ ಮಲಗಿಯೇ ಇರಲೂಬಾರದು.

ಆ ಅಂಕಿ ನಮ್ಮ ಮನೆಯ ಮಾತಾಯಿತು. “ಎಷ್ಟೇ?” ಎಂದರೆ “ನಾಲ್ಕು” ಎನ್ನುತ್ತಿದ್ದಳು. ಅಮ್ಮನೂ ಶುರು ಮಾಡಿದಳು: “ನನ್ ಮಂಡಿ ಇವತ್ತು ಆರು. ಪಕ್ಕದ್ಮನೆಯವಳ ಜೊತೆ ಮಾತಾಡ್ಬಿಟ್ಟು ಬಂದೆ, ಎಂಟಾಯ್ತು.” ಮೂರು ವಾರವಾದ ಮೇಲೆ ಅಕ್ಕ ಮೊದಲ ಸಲ ನಕ್ಕಿದ್ದು ಅದಕ್ಕೇ. ನಕ್ಕು, ತಲೆ ಹಿಡಿದುಕೊಂಡು, “ಅಮ್ಮಾ, ನಗಿಸ್ಬೇಡ, ಐದಾಗೋಯ್ತು” ಎಂದಳು.

ಅಕ್ಕ ತನ್ನ ತಲೆಯನ್ನು ಒಂದು ಹೊಸ ಯಂತ್ರ ಕಲಿಯುವವಳ ಹಾಗೆ ಕಲಿಯತೊಡಗಿದಳು. ಹತ್ತು ನಿಮಿಷ ನಡಿಗೆ ಸರಿ, ಹದಿನೈದಕ್ಕೆ ಮಂಪರು. ಒಬ್ಬರ ಜೊತೆ ಮಾತು ಸರಿ, ಇಬ್ಬರು ಒಟ್ಟಿಗೆ ಮಾತಾಡಿದರೆ ಆಗದು. ಪುಸ್ತಕದ ಅರ್ಧ ಪುಟ. ಒಂದು ಪುಟ. ನಾಲ್ಕನೇ ವಾರ ಒಂದು ಬೆಳಿಗ್ಗೆ ನನ್ನ ಪಕ್ಕ ಸ್ಟೂಲ್ ಎಳೆದುಕೊಂಡು ಕೂತು, “ಮೆಷಿನ್ ಓಡ್ಸು” ಎಂದಳು.

“ಬೇಡ ಕಣೇ.”

“ಓಡ್ಸೇ. ನಾನು ನಿಲ್ಸು ಅಂದಾಗ ನಿಲ್ಸು.”

ನಾನು ಹೆದರುತ್ತ ಒಂದು ಅಂಗಿಯ ತೋಳು ಹೊಲಿದೆ. ಅವಳು ಕಣ್ಣು ಮುಚ್ಚಿ ಕೇಳಿದಳು. ತೋಳು ಮುಗಿಯಿತು. ಇನ್ನೊಂದು ತೋಳು ಎಂದು ಸನ್ನೆ ಮಾಡಿದಳು. ಕಾಲರಿಗೆ ಬಂದಾಗ ಕೈಯೆತ್ತಿದಳು. ಮರುದಿನ ಕಾಲರ್ ಮುಗಿಯಿತು. ಒಂದು ವಾರಕ್ಕೆ ಪೂರ್ತಿ ಅಂಗಿ. ಇಪ್ಪತ್ತು ವರ್ಷದಿಂದ ಹೊಲಿಯುತ್ತಿದ್ದೇನೆ, ನನ್ನ ಹೊಲಿಗೆಯನ್ನು ಯಾರೂ ಹಾಗೆ ಮೈಯೆಲ್ಲ ಕಿವಿಯಾಗಿ ಕೇಳಿದ್ದಿಲ್ಲ.

ಐದನೇ ವಾರ ಬಾಗಿಲಲ್ಲಿ ಸೈಕಲ್ ಗಂಟೆ. ಅಂಚೆಯವಳು. ಸಮವಸ್ತ್ರದಲ್ಲೇ ಬಂದಿದ್ದಳು, ಕೈಯಲ್ಲಿ ನಾಲ್ಕು ಮೂಸಂಬಿ. ಅಕ್ಕನಿಗೆ ಅವಳ ಗುರುತು ಸಿಗಲಿಲ್ಲ. ಆ ಪಂದ್ಯವಿಡೀ ಅವಳ ನೆನಪಿನಿಂದ ಅಳಿಸಿಹೋಗಿತ್ತು. ಬೆಳಿಗ್ಗೆ ಬೂಟಿನ ಲೇಸ್ ಕಟ್ಟಿದ್ದು ನೆನಪಿದೆ, ಆಮೇಲೆ ಆಸ್ಪತ್ರೆಯ ಬಿಳಿ ಛಾವಣಿ.

“ನಾನು ಗೋಲು ಬಿಟ್ಟವಳು ಅಕ್ಕಾ” ಎಂದಳು ಅವಳು, ತಪ್ಪು ಮಾಡಿದವಳ ಹಾಗೆ.

ನಡೆದದ್ದನ್ನೆಲ್ಲ ಅವಳೇ ಹೇಳಿದಳು. ನಾವು ಹೊರಟ ಮೇಲಿನದನ್ನು ನಾನೂ ಕಣ್ಣಾರೆ ಕಂಡಿರಲಿಲ್ಲ: ಬದಲಿ ಗೋಲ್‌ಕೀಪರ್ ಬಂದು, ಕೊನೆಯ ನಿಮಿಷದಲ್ಲಿ ನಮ್ಮವರು ಗೋಲು ಹೊಡೆದು, ಅವಳ ತಂಡ ಸೋತು ಹೊರಬಿದ್ದಿತ್ತು.

“ನಿಮ್ಮವರು ಬೈದ್ರಾ?” ಎಂದು ಅಕ್ಕ ಕೇಳಿದಳು.

“ಬೈದಿದ್ರೆ ಚೆನ್ನಾಗಿತ್ತು. ಹದಿನೈದು ದಿನ ಯಾರೂ ಮಾತಾಡ್ಲಿಲ್ಲ.”

“ನನಗೆ ಏನೋ ಆಗಿದೆ ಅಂತ ನಿಂಗೆ ಹೇಗೆ ಗೊತ್ತಾಯ್ತು? ಇವಳು ನನ್ನ ಒಡಹುಟ್ಟಿದವಳು, ಇವಳಿಗೇ ಗೊತ್ತಾಗ್ಲಿಲ್ಲ.”

ಅಂಚೆಯವಳು ಮೂಸಂಬಿಯ ಸಿಪ್ಪೆಯನ್ನು ಉಗುರಿನಿಂದ ಕೆರೆದಳು. “ನಮ್ಮಣ್ಣ ಬಾಕ್ಸಿಂಗ್ ಮಾಡ್ತಿದ್ದ. ಒಂದು ಸಲ ಬಿದ್ದು ಎದ್ದಾಗ ಅವನ ಕಣ್ಣು ಹಾಗೇ ಇತ್ತು. ಎದ್ದನಲ್ಲ ಅಂತ ನಾವೆಲ್ಲ ಶಿಳ್ಳೆ ಹೊಡೆದ್ವಿ. ಆ ವಾರವೇ ಮತ್ತೆ ಆಡಿದ.” ಅಷ್ಟು ಹೇಳಿ ಎದ್ದು ನಿಂತಳು. ಆಮೇಲೆ ಏನಾಯಿತು ಎಂದು ನಾವ್ಯಾರೂ ಕೇಳಲಿಲ್ಲ. ಅಮ್ಮ ಅವಳ ತಲೆಯ ಮೇಲೆ ಕೈಯಿಟ್ಟಳು. ಅವಳು ಹೋದ ಮೇಲೂ ಅಕ್ಕ ಬಹಳ ಹೊತ್ತು ಬಾಗಿಲ ಕಡೆಯೇ ನೋಡುತ್ತಿದ್ದಳು. “ನಾನಾಗಿದ್ರೆ ಹೊಡೀತಿದ್ದೆ ಕಣೇ” ಎಂದಳು. “ಆ ಗೋಲು ನಾನು ಖಂಡಿತ ಹೊಡೀತಿದ್ದೆ.”

ಮುಂದಿನದು ಎತ್ತರದ ಕೆಲಸ. ನೆಲದ ಮೇಲೆ ಒಂದು ಗೆರೆ ಎಳೆದು ಅದರ ಮೇಲೆ ಹಿಮ್ಮಡಿಗೆ ಹೆಬ್ಬೆರಳು ತಾಗಿಸಿ ನಡೆಯುವುದು, ಕಣ್ಣು ಮುಚ್ಚಿ ನಿಲ್ಲುವುದು, ನಿಂತ ಸೈಕಲ್ ತುಳಿಯುವುದು, ಎಲ್ಲ ದಾಟಿದ್ದಳು. ಆದರೆ ತಾರಸಿಯ ಕಟ್ಟೆಯಿಂದ ಕೆಳಗೆ ಬಗ್ಗಿ ನೋಡಿದರೆ ಅಂಕಿ ಏಳಕ್ಕೆ ಜಿಗಿಯುತ್ತಿತ್ತು. ಫಿಸಿಯೋ ಮೇಡಂ ಒಂದು ಶನಿವಾರ, ನಿಮ್ಮ ಕೆಲಸ ನಾನೇ ನೋಡಬೇಕು ಎಂದು ಸೈಟಿಗೆ ಬಂದರು. ಕ್ರೇನಿನ ಬುಡದಲ್ಲಿ ನಿಂತು ತಲೆಯೆತ್ತಿದವರು ಟೋಪಿ ಬೀಳುವವರೆಗೂ ಎತ್ತಿದರು.

“ಅಲ್ಲಿಗಾ? ದಿನಾ?”

“ದಿನಾ ಎರಡು ಸಲ” ಎಂದಳು ಅಕ್ಕ.

“ನಾನು ಇಷ್ಟು ದಿನ ನಿಮಗೆ ಹೆಬ್ಬೆರಳು ತೋರಿಸ್ತಿದ್ದೆನಲ್ರೀ!”

ಆವತ್ತಿನಿಂದ ವ್ಯಾಯಾಮವೇ ಬದಲಾಯಿತು. ನಮ್ಮ ಕಟ್ಟಡದ ಮೆಟ್ಟಿಲ ಸಾಲಿನಲ್ಲಿ ಎರಡನೇ ಮಹಡಿಯಿಂದ ಅಕ್ಕ ಒಂದು ದಾರ ಇಳಿಬಿಡುತ್ತಿದ್ದಳು, ತುದಿಯಲ್ಲಿ ನನ್ನ ದೊಡ್ಡ ಕತ್ತರಿಯ ಒರೆ. ಕೆಳಗೆ ನಾನು ಒಂದು ಪಾತ್ರೆ ಹಿಡಿದು ಅತ್ತಿತ್ತ ಸರಿಯಬೇಕು, ಅವಳು ಒರೆಯನ್ನು ಅದರೊಳಗೆ ಇಳಿಸಬೇಕು. ಹತ್ತಿ ಇಳಿಯುವ ಬಾಡಿಗೆದಾರರು ನಮ್ಮಿಬ್ಬರನ್ನೂ ನೋಡಿ ಮಾತಾಡದೆ ಪಕ್ಕಕ್ಕೆ ಸರಿದು ಹೋಗುತ್ತಿದ್ದರು. ಮೊದಲ ದಿನ ಮೂರು ನಿಮಿಷ. ಹತ್ತನೇ ದಿನ ನನ್ನ ಕೈ ಸೋತಿತು, ಅವಳ ತಲೆ ಸೋಲಲಿಲ್ಲ. ಆಮೇಲೆ, ಡಾಕ್ಟರನ್ನು ಕೇಳಿಕೊಂಡು, ಅಭ್ಯಾಸಕ್ಕಷ್ಟೇ ಕ್ರೇನಿನ ಏಣಿ, ನಡುವಿಗೆ ಹಗ್ಗ ಬಿಗಿದು. ಇಪ್ಪತ್ತು ಮೆಟ್ಟಿಲು ಹತ್ತಿ ಇಳಿದಳು. ಎರಡು ದಿನ ಬಿಟ್ಟು ಐವತ್ತು. ಒಂದು ದಿನ ತೊಂಬತ್ತರಲ್ಲಿ ನಿಂತು, “ನಾಲ್ಕು” ಎಂದು ಕೂಗಿ ತಾನಾಗಿ ಇಳಿದು ಬಂದಳು. ಹತ್ತುವುದಕ್ಕಿಂತ ಆ ಇಳಿಯುವಿಕೆ ನನಗೆ ದೊಡ್ಡದಾಗಿ ಕಂಡಿತು. ನಾಲ್ಕಾರು ವಾರದ ಹಿಂದಿನ ಅಕ್ಕ ಹಲ್ಲು ಕಚ್ಚಿಕೊಂಡು ತುದಿ ಮುಟ್ಟಿಯೇ ತೀರುತ್ತಿದ್ದಳು.

ಹನ್ನೊಂದನೇ ವಾರ ಡಾಕ್ಟರು ಕಾಗದ ಬರೆದುಕೊಟ್ಟರು. ಆದರೆ ಸೈಟಿನ ಎಂಜಿನಿಯರು, ಕಾಗದವೊಂದೇ ಸಾಲದು, ಪರೀಕ್ಷೆ ಆಗಲೇಬೇಕು ಎಂದರು. ಪರೀಕ್ಷೆ ಹೀಗೆ: ಒಂದು ಡ್ರಮ್ಮಿಗೆ ಕಂಠಮಟ್ಟ ನೀರು ತುಂಬಿ, ಕೊಕ್ಕೆಗೆ ತಗುಲಿಸಿ, ಮೇಲೆತ್ತಿ, ನೆಟ್ಟ ಕಂಬಗಳ ನಡುವೆ ಹಾಯಿಸಿ, ಆಚೆ ಕಡೆ ಸುಣ್ಣದಲ್ಲಿ ಬರೆದ ವೃತ್ತದೊಳಗೆ ಇಳಿಸಬೇಕು. ಡ್ರಮ್ಮಿನ ಒಳಗೆ ಎಳೆದ ಗೀಟಿಗೆ ಇಳಿಯುವಷ್ಟು ನೀರು ಚೆಲ್ಲಿದರೆ ಇನ್ನೊಂದು ತಿಂಗಳು ನೆಲದ ಕೆಲಸ.

ಆ ದಿನ ನೋಡಲು ನನಗೂ ಅಮ್ಮನಿಗೂ ಅನುಮತಿ ಸಿಕ್ಕಿತು. ತಲೆಗೆ ಹೆಲ್ಮೆಟ್, ಮೈಗೆ ಹೊಳೆಯುವ ಅಂಗಿ. ಹದಿನಾಲ್ಕು ವರ್ಷದಿಂದ ಮಗಳು ಈ ಕೆಲಸ ಮಾಡುತ್ತಿದ್ದರೂ ಅಮ್ಮ ಒಮ್ಮೆಯೂ ಬಂದು ನೋಡಿರಲಿಲ್ಲ. ಎದೆ ಒಡೆಯುತ್ತದೆ ಎನ್ನುತ್ತಿದ್ದಳು. ಅಕ್ಕ ಏಣಿ ಹತ್ತತೊಡಗಿದಳು. ಮೊದಲು ಅವಳ ಬೂಟು ಕಾಣುತ್ತಿತ್ತು, ಆಮೇಲೆ ಬೆನ್ನು, ಆಮೇಲೆ ಕಿತ್ತಳೆ ಬಣ್ಣದ ಒಂದು ಚುಕ್ಕಿ, ಕೊನೆಗೆ ಏನೂ ಇಲ್ಲ. ಅಮ್ಮ ಬಾಯಿ ಬಿಟ್ಟುಕೊಂಡು ನೋಡುತ್ತಲೇ ಇದ್ದಳು. “ಅಷ್ಟು ಮೇಲೆ ನನ್ ಮಗಳಿದಾಳಾ?” ಎಂದಳು. ಅದು ಪಿಸುಮಾತೇ ಆಗಿತ್ತು, ಈ ಸಲ ಯಾರೂ ಹೇಳಿರಲಿಲ್ಲ.

ಸಿಗ್ನಲ್ ಹೇಳುವವರು ನರೆತ ಮೀಸೆಯ ಹಿರಿಯರು, ಅಕ್ಕ ಅವರನ್ನು ಅಣ್ಣ ಎನ್ನುತ್ತಾಳೆ. ಅವರು ವಾಕಿಟಾಕಿ ಬಾಯಿಗಿಟ್ಟುಕೊಂಡರು. “ಮೇಲಿನಮ್ಮ, ಎಷ್ಟು?”

ಗರಗರ ಸದ್ದಿನೊಳಗಿಂದ ದನಿ ಬಂತು. “ಒಂದು ಅಣ್ಣ. ಅದೂ ಬರೀ ಗಾಬರಿಯದು, ತಲೆಯದಲ್ಲ.”

ಡ್ರಮ್ ನೆಲ ಬಿಟ್ಟಿತು. ನೀರಿನ ಮೇಲೆ ಬಿಸಿಲು ಕೂತಿತ್ತು. ಅದು ಏರಿತು, ಒಂದು ಮನೆಯೆತ್ತರ, ಎರಡು ಮನೆಯೆತ್ತರ. ಮೊದಲ ಎರಡು ಕಂಬ ದಾಟಿತು. ಮೂರನೆಯದರ ಹತ್ತಿರ ಇದ್ದಕ್ಕಿದ್ದಂತೆ ಗಾಳಿ ಬೀಸಿತು. ಡ್ರಮ್ ಗಡಿಯಾರದ ಲೋಲಕದ ಹಾಗೆ ತೂಗತೊಡಗಿತು. ಸಿಮೆಂಟ್ ಕಲಸುತ್ತಿದ್ದವರು ಸನಿಕೆ ನಿಲ್ಲಿಸಿದರು.

ಎಲ್ಲ ನಿಂತಿತು. ಅವಳು ನಿಲ್ಲಿಸಿದ್ದಳು. ಅಷ್ಟು ದೊಡ್ಡ ಯಂತ್ರ ಉಸಿರು ಹಿಡಿದಂತೆ ನಿಂತಿತ್ತು, ಡ್ರಮ್ ಒಂದೇ ತೂಗುತ್ತಿತ್ತು. ಒಂದು ತೂಗು, ಇನ್ನೊಂದು ತೂಗು. ಮೂರನೆಯ ಸಲ ಅದು ಆಚೆ ತುದಿಗೆ ಹೋಗಿ ಮರಳುವ ಮೊದಲಿನ ಆ ಒಂದು ಗಳಿಗೆಯಲ್ಲಿ, ಮೇಲಿನ ಉದ್ದ ತೋಳಿನ ಮೇಲೆ ಹಗ್ಗವನ್ನು ಹೊತ್ತು ಓಡುವ ಚಿಕ್ಕ ಗಾಡಿ ಒಂದು ಗೇಣಷ್ಟು ಮುಂದೆ ಸರಿದು ಡ್ರಮ್ಮಿನ ನೆತ್ತಿಗೆ ಸರಿಯಾಗಿ ಬಂದು ನಿಂತಿತು. ತೂಗಾಟ ಸತ್ತುಹೋಯಿತು. ಯಾರೋ ಕೈಯಿಟ್ಟು ಹಿಡಿದ ಹಾಗೆ. ಅರವತ್ತು ಮೀಟರ್ ಮೇಲಿನಿಂದ, ಕಣ್ಣು, ಕಿವಿ, ಕುತ್ತಿಗೆ, ಕೈ, ಎಲ್ಲವೂ ಒಂದೇ ಸುದ್ದಿ ಹೇಳಿದ್ದವು.

ಡ್ರಮ್ ಇಳಿದು ವೃತ್ತದ ನಡುವೆ ಕೂತಿತು. ಸುತ್ತ ನೆಲ ಒಣಗಿತ್ತು. ಎಂಜಿನಿಯರು ಬಗ್ಗಿ ಒಳಗೆ ನೋಡಿ, ಬೆರಳು ಅದ್ದಿ, ಸರಿ ಎಂದು ತಲೆಯಾಡಿಸಿದರು. ಅಣ್ಣ ಹೆಲ್ಮೆಟ್ ತೆಗೆದು ಕಂಕುಳಲ್ಲಿ ಇಟ್ಟುಕೊಂಡರು. ನಿಯಮದ ಪ್ರಕಾರ ಅದು ತಪ್ಪು, ಯಾರೂ ಆಕ್ಷೇಪಿಸಲಿಲ್ಲ. ಅಮ್ಮ ಡ್ರಮ್ಮಿನ ಹತ್ತಿರ ಹೋಗಿ ಅದರ ಹೊರಮೈಯನ್ನು ಒಂದು ಸಲ ಸವರಿ ಬಂದಳು.

“ಗಾಳಿ ಬಂದಾಗ ಏನನ್ನಿಸ್ತೇ?” ಎಂದು ಸಂಜೆ ಕೇಳಿದೆ.

“ಏನೂ ಇಲ್ಲ. ಅದು ಎಲ್ಲಿಗೆ ಹೋಗತ್ತೆ ಅಂತ ನೋಡ್ತಿದ್ದೆ” ಎಂದಳು. ಅನ್ನ ಕಲಸುತ್ತ ಕಲಸುತ್ತಲೇ ತೂಕಡಿಸಿದಳು. ತಟ್ಟೆಯನ್ನು ನಾನೇ ತೆಗೆದಿಟ್ಟೆ.

ಮೊದಲ ತಿಂಗಳು ಅರ್ಧ ದಿನದ ಕೆಲಸ, ಆಮೇಲೆ ಪೂರ್ತಿ. ಫುಟ್‌ಬಾಲಿಗೆ ಇನ್ನೂ ಮೂರು ತಿಂಗಳು ಕಾದಳು. ಒಬ್ಬಳೇ ಓಡುವುದು, ಚೆಂಡಿನ ಜೊತೆ ಓಡುವುದು, ಮೈ ತಾಗಿಸದೆ ಅಭ್ಯಾಸ, ಕೊನೆಗೆ ಮೈ ತಾಗಿಸಿ. ಒಂದೊಂದು ಹೆಜ್ಜೆಗೂ ಮೇಡಂ ಹ್ಞೂಂ ಎನ್ನಬೇಕು. ಮರಳಿ ಆಡಿದ ಮೊದಲ ಪಂದ್ಯದಲ್ಲಿ ಮೂರು ಗೋಲು ಬಿಟ್ಟಳು. ಮೂರನೆಯದು ಅವಳ ಎರಡು ಕಾಲ ನಡುವೆಯೇ ಉರುಳಿ ಹೋಯಿತು. ಸೋತು, ಮೈಯೆಲ್ಲ ಕೆಸರು ಮಾಡಿಕೊಂಡು ಗೆರೆಯ ಹತ್ತಿರ ಬಂದವಳು ನನ್ನ ಕೈಯಿಂದ ನೀರಿನ ಬಾಟಲಿ ಕಸಿದುಕೊಂಡು ಗಟಗಟ ಕುಡಿದಳು.

“ಮೂರೂ ನೆನಪಿದೆ ಕಣೇ” ಎಂದಳು. ಆಮೇಲೆ ಒಂದೊಂದೂ ಹೇಗೆ ಬಂತು, ಯಾರು ಹೊಡೆದರು, ತಾನು ಯಾವ ಕಡೆ ಹಾರಬೇಕಿತ್ತು ಎಂದು ಬಸ್ ನಿಲ್ದಾಣದವರೆಗೂ ಬಿಡದೆ ಹೇಳಿದಳು.